ಔಷಧಿ ಹೊಡೆಯದ ಸಾಲುಗಳು
ದೇವಲಾಪುರದ ಕೃಷಿ ಸಹಾಯಕ ಜವರಪ್ಪನವರಿಗೆ ಕುಳಿತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ; ಅವರೆಕಾಯಿ ಸಾರು ಬಡಿಸಿದರೂ ಕಾಳಿನಲ್ಲಿ ಹುಳು ಕೊರೆದ ತೂತನ್ನು ಹುಡುಕುವವರು. ತೊಂಬತ್ತಮೂರರಲ್ಲಿ ಕಾಯಿಕೊರಕ ಹುಳುವಿಗೆ ಜೈವಿಕ ಔಷಧಿಯ ಪರೀಕ್ಷೆ ಬಂದಾಗ ಅದೇ ಊರಿನ ರೈತ ಹೆಂಗಸು ಮಂಗಳಮ್ಮನ ತೊಗರಿ ಹೊಲವನ್ನು ಆರಿಸಿಕೊಂಡರು. ರೋಗದಿಂದ ಸತ್ತ ಅದೇ ಜಾತಿಯ ಹುಳುಗಳನ್ನು ಅರೆದು, ಸೋಸಿ, ಬೆಲ್ಲ ಬೆರೆಸಿ, ಬಿಸಿಲಿಳಿದ ಮೇಲೆ ಅರ್ಧ ಹೊಲಕ್ಕೆ ಹೊಡೆದರು. ಇನ್ನರ್ಧವನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟರು. ಅಂದಿನಿಂದ ದಿನಕ್ಕೆ ಆರು ಸಲ ಅವರ ಸೈಕಲ್ಲು ಬದುವಿನ ಬಳಿ ನಿಲ್ಲುತ್ತಿತ್ತು. “ಇನ್ನೂ ಮೇಯ್ತಾವಲ್ಲ ಸಾಮಿ, ನಿಮ್ಮ ಔಸ್ದಿ ಕುಡ್ದು ಕೊಬ್ಬಿದ್ವಾ?” ಎಂದು ಮಂಗಳಮ್ಮ ಕೆಣಕುವಳು. “ಐದು ದಿನ ತಡ್ಕೊ ಕಣವ್ವಾ, ಅವಕ್ಕೆ ಕಾಯಿಲೆ ಬಂದು ಸಾಯ್ಬೇಕು” ಎನ್ನುತ್ತ, ತಾವೇ ತಡೆಯಲಾರದೆ ಎಲೆಯೆಲೆಯನ್ನೂ ಮಗುಚುವರು. ಆರನೆಯ ದಿನ ಔಷಧಿ ಹೊಡೆದ ಸಾಲುಗಳ ಹುಳುಗಳು ಸತ್ತು ತಲೆಕೆಳಗಾಗಿ ಜೋತುಬಿದ್ದಿದ್ದವು. ಮಂಗಳಮ್ಮ ನಗಲಿಲ್ಲ. “ಆ ಕಡೆ ಸಾಲ್ನೂ ನಾನೇ ಬಿತ್ತಿದ್ದಲ್ವಾ ಸಾಮಿ?” ಎಂದಳು. ಮರುದಿನ ಮೇಲಧಿಕಾರಿಗಳು ಎಣಿಸಲು ಬಂದರೆ ಎರಡೂ ಕಡೆ ಬದುಕಿದ ಹುಳುವಿಲ್ಲ. “ಇದೇನ್ರೀ, ಹೋಲಿಕೆಯೇ ಕೆಟ್ಟಿತಲ್ಲ?” “ಕೆಡಿಸಿದವನು ನಾನೇ ಸಾರ್. ನಿನ್ನೆ ಸಂಜೆ ಔಷಧಿ ಹೊಡೀದ ಸಾಲ್ನಾಗೆ ದುಪ್ಪಟಿ ಹಾಸಿ, ಗಿಡ ಅಲುಗಿಸಿ, ಹುಳ ಉದುರಿಸ್ಬುಟ್ಟೆ. ನಾವು ಎಣಿಸೋವಷ್ಟರಲ್ಲಿ ಆಯಮ್ಮನ ಅರ್ಧ ಬೆಳೆ ಓಗ್ಬುಡ್ತಿತ್ತು.”