ಎಂಬತ್ತನಾಲ್ಕನೇ ಪುಟದ ರಮ್ಲಾಕ್ಕ

ಬೆಳಗಿನ ಐದೂಮುಕ್ಕಾಲು. ಬಿಕರ್ನಕಟ್ಟೆಯ ಕೋಳಿಗಳು ಕೂಗುವುದನ್ನು ಬಿಟ್ಟು ವರ್ಷ ನಾಲ್ಕಾಯಿತು. ಆ ಕೆಲಸವನ್ನು ರಮ್ಲಾ ಅವರ ಫೋನು ವಹಿಸಿಕೊಂಡಿದೆ. ಒಲೆಯ ಮೇಲೆ ದೋಸೆ, ಸಕ್ಕರೆ ಡಬ್ಬಿಗೆ ಒರಗಿದ ಫೋನಿನಲ್ಲಿ ಅರ್ಥಶಾಸ್ತ್ರ. ಕಿವಿಯಿಂದಲೇ ಪರೀಕ್ಷಿಸಲೆಂದು ಪರದೆ ಕಪ್ಪು, ದನಿ ಮಾತ್ರ ಪಕ್ಕದ ಕುಲಶೇಖರದವರನ್ನೂ ಎಬ್ಬಿಸುವಷ್ಟು. "ಚಿತ್ರ. ಚಿತ್ರ. ಚಿತ್ರ." ರಮ್ಲಾ ಹಣೆ ಚಚ್ಚಿಕೊಳ್ಳುತ್ತಾರೆ. ದೋಸೆ ಸೀಯುತ್ತದೆ.

"ಇ-ಬುಕ್ ಅಂತ ಮಾರ್ತಾರೆ, ಒಳಗೆ ಬರೀ ಪುಟದ ಫೋಟೋ! ಫೋನಿಗೆ ಓದ್ಲಿಕ್ಕೆ ಅಕ್ಷರವೇ ಇಲ್ಲ. ಕಣ್ಣು ಕಾಣದವರಿಗೆ ಇದು ಎಂತಕ್ಕೆ?"

ಪಿಯುಸಿ ಓದಿದ ರಮ್ಲಾ ಚಪ್ಪಲಿ ಅಂಗಡಿಯ ಅಬ್ದುಲ್ ರಹ್ಮಾನರ ಹೆಂಡತಿ. ಮಣ್ಣಗುಡ್ಡದ ಅರ್ಚಕರ ಮಗಳು ಶ್ರೀಲಕ್ಷ್ಮಿ, ಹುಟ್ಟಿನಿಂದ ದೃಷ್ಟಿಯಿಲ್ಲದವಳು, ಚಪ್ಪಲಿ ಕೊಳ್ಳಲು ಬಂದು ಫೋನಿನಿಂದ ಪುಸ್ತಕ ಓದಿಸಿ ತೋರಿಸಿದ್ದೇ ನೆಪ, ಫೋನು ಓದಬಲ್ಲ ಪುಸ್ತಕ ಹುಡುಕಿಕೊಡುವುದು ರಮ್ಲಾ ಅವರ ಕೆಲಸವಾಯಿತು. ಈಗ ಇಂಥ ಓದುಗರು ಇಪ್ಪತ್ತಮೂರು. ದಿನಕ್ಕೆ ಆರು ಪುಸ್ತಕ ಹುಡುಕಿದರೆ ಐದು ಕೈಕೊಡುತ್ತವೆ. ಆರನೆಯದು ಪಾತಾಳದಲ್ಲಿದ್ದರೂ ಜುಟ್ಟು ಹಿಡಿದು ತರುತ್ತಾರೆ.

"ನಾನೊಬ್ಬ ಸೀದ ದೋಸೆ ತಿಂದದ್ದಕ್ಕೆ ಇಪ್ಪತ್ತಮೂರು ಜನ ಓದ್ತಾರೆ, ಬರ್ಕೊಳ್ಳಿ," ಎನ್ನುತ್ತಾರೆ ಗಂಡ.

ಎಡವಿದ್ದೂ ಉಂಟು. ಫೋನು ವಾಕ್ಯದ ನಡುವೆ ಪುಟಸಂಖ್ಯೆ ಒದರುವುದು ಕಿರಿಕಿರಿಯೆಂದು ಹೋದ ವರ್ಷ ನಲವತ್ತು ಪುಸ್ತಕಗಳ ಸಂಖ್ಯೆಗಳನ್ನೆಲ್ಲ ಅಳಿಸಿ ಹಾಕಿದರು. ಜಗತ್ತನ್ನೇ ಗೆದ್ದ ಹೆಮ್ಮೆ! ಮೂರನೇ ದಿನ ಶ್ರೀಲಕ್ಷ್ಮಿಯ ಕರೆ: "ರಮ್ಲಾಕ್ಕ, ಕ್ಲಾಸಲ್ಲಿ ಮೇಡಂ ಎಂಬತ್ತನಾಲ್ಕನೇ ಪುಟ ತೆಗೀರಿ ಅಂದ್ರು. ಎಲ್ಲರೂ ತೆಗೆದ್ರು. ನಾನು ಎಲ್ಲಿಗೆ ಹೋಗುವುದು?"

ರಮ್ಲಾ ನಲವತ್ತಕ್ಕೂ ಒಂದೊಂದಾಗಿ ಸಂಖ್ಯೆ ಮರಳಿಸಿದರು.

ಈಗ ಸೋಮವಾರದಿಂದ ಶ್ರೀಲಕ್ಷ್ಮಿಯ ಕ್ಲಾಸಿಗೆ ಹೊಸ ಅರ್ಥಶಾಸ್ತ್ರ ಪುಸ್ತಕ. ಅಷ್ಟರಲ್ಲಿ ಫೋನು ಓದುವಂಥ ಪ್ರತಿ ಸಿಗದಿದ್ದರೆ ಹುಡುಗಿ ಮತ್ತೆ ಕೈಕಟ್ಟಿ ಕೂರಬೇಕು. ಪ್ರಕಾಶಕರಿಗೆ ನೂರಾ ಎಂಟು ಸಲ ಫೋನಾಗಿದೆ. ಗಂಡನ ಪ್ರಕಾರ ಹನ್ನೊಂದು. ಶುಕ್ರವಾರ ಮತ್ತೊಮ್ಮೆ.

"ಇ-ಬುಕ್ ಕೊಟ್ಟಾಗಿದೆಯಲ್ಲಮ್ಮ?"

"ಸಾರ್, ಒಮ್ಮೆ ಕಣ್ಣು ಮುಚ್ಚಿ. ಮುಚ್ಚಿದ್ರಾ? ಇನ್ನು ಅದನ್ನು ಓದಿ."

ಅತ್ತ ಕುರ್ಚಿ ಸರಿದ ಸದ್ದು. "ಅಚ್ಚಿಗೆ ಕಳಿಸಿದ ಮೂಲ ಫೈಲ್ ಇರಬೇಕು, ಅದರಲ್ಲಿ ಫೋಟೋ ಅಲ್ಲ, ಅಕ್ಷರವೇ ಉಂಟು. ಕಳಿಸ್ತೇನೆ."

"ಪುಟದ ನಂಬರ್ ಸಮೇತ, ಸಾರ್!"

ಶನಿವಾರ ಅದೇ ಡಬ್ಬಿ, ಅದೇ ಕಪ್ಪು ಪರದೆ. "ಪುಟ ಎಂಬತ್ತನಾಲ್ಕು," ಎನ್ನುತ್ತದೆ ಫೋನು. ಅಡುಗೆಮನೆಯಲ್ಲಿ ಹಬ್ಬ, ದೋಸೆ ಮಾತ್ರ ಇದ್ದಲು.

ಸೋಮವಾರ ಮಧ್ಯಾಹ್ನ ಶ್ರೀಲಕ್ಷ್ಮಿಯ ಧ್ವನಿಸಂದೇಶ: "ರಮ್ಲಾಕ್ಕ, ಪಕ್ಕದವಳು ಪುಟ ಮಗುಚುವಷ್ಟರಲ್ಲಿ ನಾನು ಉತ್ತರ ಹೇಳಿ ಆಯ್ತು!" ರಮ್ಲಾ ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕೇಳಿಸುತ್ತಾರೆ, ಕೇಳದವರಿಗೂ.

ನಿಮಗೆ ಇನ್ನೇನು ಬೇಕು ಎಂದರೆ ಸೆರಗಿನಲ್ಲಿ ಫೋನು ಒರೆಸುತ್ತಾರೆ.

"ಪುಸ್ತಕ ಅಂಗಡಿಗೆ ಬಂದ ದಿನವೇ ಅವಳ ಫೋನಿಗೂ ಬರ್ಲಿ, ಅಷ್ಟೇ ಮಾರಾಯ್ರೆ. ಮತ್ತೆ ನಾನು ದೋಸೆ ಕಡೆ ನೋಡ್ತೇನೆ."