ಛತ್ರದ ಗಂಗರಾಜು ಇಟಲಿ ಆರಿಸಿದ್ದು

ಫೋನನ್ನು ಎಡಗಿವಿಗೆ ಒತ್ತಿಕೊಂಡು, ಬಲಗೈ ಬೆರಳುಗಳನ್ನು ತೊಡೆಯ ಮೇಲೆ ಒಂದೊಂದಾಗಿ ಮಡಿಸುತ್ತ ಕೂತ ಗಂಗರಾಜು ಅವರನ್ನು ನೋಡಿದವರು ಏನೋ ಜಪ ನಡೆದಿದೆ ಎಂದುಕೊಳ್ಳುತ್ತಿದ್ದರು. ಜಪವಲ್ಲ. ಆ ಕಡೆಯವರು ಎಷ್ಟನೆಯ ರಿಂಗಿಗೆ ಫೋನ್ ಎತ್ತುತ್ತಾರೆಂದು ಎಣಿಸುತ್ತಿದ್ದರು. ಆ ಕಡೆ ಎಂದರೆ ಇಟಲಿ.

ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕದ ಮದುವೆ ಛತ್ರಕ್ಕೆ ಅವರು ಮ್ಯಾನೇಜರು. ಎದುರು ಮನೆ ನನ್ನದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ ಎಂಬ ಒಂದೇ ತಪ್ಪಿಗೆ ಇಟಲಿಯ ಕಡಲತೀರದ ಹೋಟೆಲುಗಳನ್ನೆಲ್ಲ ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆರಿಸುವ ಕೆಲಸ ಮಾತ್ರ ಅವರದು. ಕಡಲನ್ನೇ ಕಾಣದವರು ಕಡಲತೀರವನ್ನು ಹೇಗೆ ಆರಿಸುತ್ತಾರೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದೇ ನನಗೆ ಅನುಮಾನ. ಬಹುಶಃ ಮೂರು ಸಲ ಹೇಳಿದ್ದನ್ನು ನಾನು ಒಂದಾಗಿ ಹೊಲಿದಿದ್ದೇನೆ.

"ಕಡಲು ಯಾವನಿಗೆ ಬೇಕು ಮೇಷ್ಟ್ರೇ? ಇಪ್ಪತ್ತಾರು ವರ್ಷ ಛತ್ರ ನಡೆಸಿದ್ದೀನಿ. ಜನ ಇಲ್ದೇ ಇರೋ ಕಾಲ್ದಲ್ಲಿ ಜನ ಬರೋ ಜಾಗ ಹೆಂಗಿರ್ತದೆ ಅಂತ ನನ್ನ ಕೇಳಿ. ಮೊದಲ್ನೇ ರಿಂಗಿಗೇ ಎತ್ತಿದ ಅಂದ್ರೆ ಅವ್ನಿಗೆ ಬೇರೆ ಕೆಲ್ಸ ಇಲ್ಲ, ಒಲೆ ಮೇಲೆ ಬೆಕ್ಕು ಮರಿ ಹಾಕಿರ್ತದೆ. ಎತ್ತಲೇ ಇಲ್ಲ ಅಂದ್ರೆ ಬೀಗ. ಐದನೇ ರಿಂಗಿಗೆ ಎತ್ತಬೇಕು. ಯಾರೋ ಒಳಗಿಂದ ಕೈ ಒರೆಸ್ಕೊಂಡು ಬಂದ್ರು ಅಂತ ಲೆಕ್ಕ. ಅದು ಜಾಗ!"

ಇದೆಲ್ಲ ಶುರುವಾದದ್ದು ಸಾದಿಕ್‌ನಿಂದ. ಛತ್ರಕ್ಕೆ ದೀಪ, ಜನರೇಟರು, ವೇದಿಕೆಯ ಅಲಂಕಾರ ಎಲ್ಲ ಅವನದು. ಒಂದು ವರ್ಷ ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್ ತಂದು ಕಟ್ಟಿದ: ಬಂಡೆಗೆ ಅಂಟಿಕೊಂಡ ಹಳದಿ, ಗುಲಾಬಿ ಮನೆಗಳು, ಕೆಳಗೆ ನೀಲಿ ಕಡಲು. ನೆಲಮಂಗಲ ಸೀಮೆಯ ನೂರಾರು ಗಂಡು ಹೆಣ್ಣುಗಳು ಆ ಕಡಲಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡರು. ಕಡಲನ್ನು ನೋಡಿದ್ದು ಜಯಮ್ಮ ಒಬ್ಬರೇ. ಗಂಗರಾಜು ಅವರ ಹೆಂಡತಿ. ಬಡಿಸುವವರ ಮೇಲುಸ್ತುವಾರಿ ಅವರದಾಗಿದ್ದರಿಂದ ಊಟದ ಹಾಲಿನ ಬಾಗಿಲಲ್ಲಿ ಸೌಟು ಹಿಡಿದು ನಿಂತರೆ ಎದುರಿಗೆ ಅದೇ ಕಾಣುತ್ತಿತ್ತು.

ಜಯಮ್ಮನ ತವರಿನ ಜಮೀನು ಹೆದ್ದಾರಿಯ ಹೊಟ್ಟೆಗೆ ಹೋಗಿ, ಅಣ್ಣತಮ್ಮಂದಿರು ಗೊಣಗುತ್ತಲೇ ಪರಿಹಾರದ ಹಣದಲ್ಲಿ ಅವರ ಪಾಲನ್ನು ಕೊಟ್ಟಾಗ, "ಆ ಪರದೆ ಮೇಲಿನ ಊರು ನಿಜವಾಗ್ಲೂ ಇದ್ರೆ ಒಂದ್ಸಲ ನೋಡ್ಕೊಂಡು ಬರೋಣ" ಎಂದರಂತೆ. ಇದು ಗಂಗರಾಜು ಹೇಳಿದ್ದು. ಹಾಗೆ ಅಂದದ್ದು ತಾನೇ ಎಂದೂ ಇನ್ನೊಮ್ಮೆ ಹೇಳಿದ್ದರು. ಜಯಮ್ಮ ನನ್ನೆದುರಿಗೇ ಹೇಳಿದ ಮಾತು ಬೇರೆ, ಅದರಲ್ಲಿ ನನಗೆ ಅನುಮಾನವಿಲ್ಲ.

"ಮೇಷ್ಟ್ರೇ, ಊರು ಹೆಂಗಾದ್ರೂ ಇರ್ಲಿ. ಅಲ್ಲಿ ಯಾರ ಮದುವೇನೂ ಇರಬಾರ್ದು. ನಾನು ಮೊದಲ್ನೇ ಪಂಕ್ತೀಲಿ ಕೂತ್ಕೋಬೇಕು. ಯಾರಾದ್ರೂ ಬಂದು ನಂಗೆ ಬಡಿಸ್ಬೇಕು. ಬಿಸಿ ಇರೋವಾಗ."

ಕೇಳಿದ್ದು ಇಷ್ಟೇ. ಇಷ್ಟನ್ನು ಮಾತ್ರ ಬಿಟ್ಟು ಉಳಿದುದನ್ನೆಲ್ಲ ಗಂಗರಾಜು ಮುತುವರ್ಜಿಯಿಂದ ನೋಡಿಕೊಂಡರು.

ಮೊದಲು ಕಾಲ. ದುಡ್ಡು ಕಡಿಮೆ ಆಗಬೇಕಾದರೆ ಜನ ಹೋಗದ ಕಾಲದಲ್ಲಿ ಹೋಗಬೇಕು. ಗೋಡೆಯ ಪಂಚಾಂಗದ ಮುಂದೆ ನಿಂತು ಅವರು ಎರಡು ದೇಶಗಳ ಜಾತಕ ಕೂಡಿಸಿದರು. ನಮಗೆ ಬಿಡುವಿರುವ ಆಷಾಢದಲ್ಲಿ ಅವರಿಗೆ ಜಾತ್ರೆ. ಅವರಿಗೆ ಖಾಲಿ ಇರುವ ಕಾರ್ತಿಕದಲ್ಲಿ ನಮಗೆ ದಿನಕ್ಕೊಂದು ಮದುವೆ. ಒಂದು ವಾರ ಮಂಕಾಗಿದ್ದವರು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ರಸ್ತೆ ದಾಟಿ ಬಂದರು. "ಧನುರ್ಮಾಸ ಮೇಷ್ಟ್ರೇ! ಅವ್ರ ಹೊಸ ವರ್ಷ ಕಳೀತಿದ್ದಂಗೆ ನಮ್ಮ ಸಂಕ್ರಾಂತಿ ಒಳಗೆ! ಇಲ್ಲೂ ಬೀಗ, ಅಲ್ಲೂ ಬೀಗ!" ಬಾಯಿಯ ನೊರೆ ನನ್ನ ತುಳಸಿಕಟ್ಟೆಯ ಮೇಲೆ ಬಿತ್ತು.

ಆಮೇಲೆ ಊರು. ಫ್ಲೆಕ್ಸಿನಲ್ಲಿದ್ದ ಊರನ್ನು ಪತ್ತೆ ಮಾಡಿ ತೋರಿಸಿದೆ, ಅಮಾಲ್ಫಿ ಕಡೆಯದು. ಕೂಡಲೇ ತಳ್ಳಿಹಾಕಿದರು. "ಫೋಟೋಗೆ ಅಂತಾನೇ ಇರೋ ಊರು. ಚಳಿಗಾಲ್ದಲ್ಲಿ ಒಂದು ನಾಯಿ ಇರಲ್ಲ. ಇಸ್ಕೂಲ್ ಇರೋ ಊರು ನೋಡಿ. ರೈಲು ನಿಲ್ಲೋ ಊರು. ಜನ ತಮ್ ಪಾಡಿಗೆ ತಾವು ಬೈದಾಡ್ಕೊಂಡು ಇರಬೇಕು." ಹಾಗೆ ಪಕ್ಕದ ಸಲೆರ್ನೊ ಎಂಬ ಬಂದರಿಗೆ ಬಂದು ನಿಂತೆವು. ಒಪ್ಪಬೇಕಾದ್ದೇ. ನಾನು ಓದಿದ ಪ್ರವಾಸದ ಬರಹಗಳೂ ಸುತ್ತಿ ಬಳಸಿ ಅದನ್ನೇ ಹೇಳುತ್ತಿದ್ದವು. ಅವರಿಗೆ ತಲೆ ಇರಲಿಲ್ಲ ಎಂದು ನಾನು ಎಲ್ಲೂ ಹೇಳುತ್ತಿಲ್ಲ. ಇದ್ದ ತಲೆಯೆಲ್ಲ ಛತ್ರದ್ದಾಗಿತ್ತು.

ಕೊನೆಗೆ ತಂಗುವ ಜಾಗ. ಹನ್ನೊಂದು ಕಡೆಗೆ ಫೋನ್ ಮಾಡಿದರು. ಏಳು ಬೀಗ, ಮೂರು ಬೆಕ್ಕಿನ ಮರಿ. ಒಂದು ಸಣ್ಣ ಹೋಟೆಲಿನಲ್ಲಿ ಮಾತ್ರ ಸರಿಯಾಗಿ ಐದನೆಯ ರಿಂಗಿಗೆ ಒಬ್ಬ ಹೆಂಗಸು ಎತ್ತಿದಳು. ಗಂಗರಾಜು ಎದ್ದು ನಿಂತರು.

"ಹಲೋ ಮೇಡಂ. ಪಾರ್ಟಿ ಟೂ ಮೆಂಬರ್ಸ್. ಕಿಚನ್ ರನ್ನಿಂಗ್?"

ಆಕೆ ನಕ್ಕಳು. "ಯೆಸ್, ಯೆಸ್. ಮಮ್ಮಾ ಕುಕ್."

ಫೋನ್ ಇಟ್ಟ ಗಂಗರಾಜು ಅವರ ಮುಖ ಇಳಿದಿತ್ತು.

"ಬೇಡ ಮೇಷ್ಟ್ರೇ. ಯಜಮಾನಿ ತಾಯೇ ಅಡುಗೆಗೆ ನಿಂತವ್ಳೆ ಅಂದ್ರೆ ಭಟ್ರು ಊರಿಗೆ ಹೋಗವ್ರೆ ಅಂತ ಅರ್ಥ. ನಮ್ಮಲ್ಲಿ ಆಷಾಢದಲ್ಲಿ ಆಗಲ್ವಾ? ಭಟ್ರು ಹೋಗ್ತಾರೆ, ಜಯಾ ಮಾಡಿ ಹಾಕ್ತಾಳೆ. ಇದ್ದಿದ್ದ್ರಲ್ಲೇ ಏನೋ ಒಂದು. ಅದನ್ನ ತಿನ್ನೋಕೆ ಇಟಲಿಗೆ ಹೋಗ್ಬೇಕಾ?"

ಜಯಮ್ಮ ಅಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. ಅಥವಾ ಎತ್ತಿದರೇನೋ, ನಾನು ನೋಡಲಿಲ್ಲ.

ಎರಡು ದಿನ ಬಿಟ್ಟು ಗಂಗರಾಜು ತಾವೇ ಒಂದು ಜಾಗ ಆರಿಸಿಕೊಂಡು ಬಂದರು. ಹೋಟೆಲಲ್ಲ, ಬಾಡಿಗೆ ಮನೆ. ಜೊತೆಗೆ ನೆಲಮಂಗಲ ಪೇಟೆಯಿಂದ ಹೊಸ ಕುಕ್ಕರ್ ಬೇರೆ ತಂದಿದ್ದರು. ಅದರ ಪೆಟ್ಟಿಗೆಯನ್ನು ಹೆಂಡತಿಯ ಮುಂದಿಟ್ಟು ಯುದ್ಧ ಗೆದ್ದವರಂತೆ ಹೇಳಿದರು: "ನಾಲ್ಕು ಒಲೆ ಇದಾವೆ ಜಯಾ! ಪಾತ್ರೆ ಪಗಡ ಎಲ್ಲ ಅವ್ರದೇ. ರಾಗಿ ಹಿಟ್ಟು ಎರಡು ಕೆಜಿ, ಸಾರಿನ ಪುಡಿ, ಇದೊಂದು ಕುಕ್ಕರ್. ಯಾರ ಹಂಗೂ ಇಲ್ಲ!"

ಸಾದಿಕ್ ಕೂಡ ಅಲ್ಲಿದ್ದ, ಬಲ್ಬು ಬದಲಿಸಲು ಏಣಿಯ ಮೇಲೆ. ಅವನ ಕೈಯೂ ನಿಂತುಹೋಯಿತು. ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಆ ಐದನೇ ರಿಂಗಿಗೆ ಎತ್ತಿದ್ರಲ್ಲ, ಅಮ್ಮ ಅಡುಗೆ ಮಾಡ್ತಾರೆ ಅಂದ್ರಲ್ಲ, ಅಲ್ಲಿ ಕೂತ್ಕೊಂಡ್ರೆ ಬಡಿಸ್ತಾರಾ?"

"ಬಡಿಸ್ತಾರಮ್ಮ."

"ಅಲ್ಲಿಗೇ ಮಾಡ್ಸಿ. ಎರಡು ಜನಕ್ಕೆ. ನಂಗೂ, ನಮ್ಮ ತಂಗಿ ಸುಶೀಲಂಗೂ."

"ಮತ್ತೆ ನಾನು?" ಎಂದರು ಗಂಗರಾಜು.

"ನಿಮಗೆ ಒಲೆ ಇರೋ ಮನೆ ಬೇಕು ಅಲ್ವಾ? ಇಲ್ಲೇ ಇದೆಯಲ್ಲ."

ಅವರು ಬೇಡಿಕೊಂಡರೇ, ಜಗಳವಾಡಿದರೇ, ನನಗೆ ಗೊತ್ತಿಲ್ಲ. ಈ ಜಾಗದಲ್ಲಿ ಒಂದು ಒಳ್ಳೆಯ ದೃಶ್ಯ ಹೆಣೆಯಬಹುದು, ಹೆಣೆಯುವುದಿಲ್ಲ. ನನಗೆ ಗೊತ್ತಿರುವುದು ಟೀ ಅಂಗಡಿಯಲ್ಲಿ ನಡೆದದ್ದು. "ಹೆಂಗಸ್ರು ಹೋಗ್ಬರ್ಲಿ ಅಂತ ನಾನೇ ಕಳಿಸ್ತಾ ಇದ್ದೀನಿ. ನಂಗೆ ಛತ್ರ ಬಿಟ್ಟು ಬರೋಕಾಗಲ್ಲ, ಪಾರ್ಟಿ ಇದೆ" ಎಂದು ಗಂಗರಾಜು ನಾಲ್ಕು ಜನರೆದುರು ಹೇಳಿದರು.

ಸಾದಿಕ್ ಲೋಟ ಕೆಳಗಿಟ್ಟ. "ಧನುರ್ಮಾಸದಲ್ಲಿ ಯಾವ ಪಾರ್ಟಿ ಅಣ್ಣಾ? ನಂಗೇ ಗೊತ್ತು, ಆ ತಿಂಗ್ಳು ನನ್ ಜನರೇಟರ್ ಕೂಡ ಮಲ್ಗಿರ್ತದೆ."

"ಸುಮ್ನಿರೋ ಲೇ, ನಿನ್ ಪರದೆಯಿಂದಾನೇ ಎಲ್ಲಾ ಆಗಿದ್ದು."

ನಾನು ಗಂಗರಾಜು ಅವರ ಜೊತೆ ಕೊನೆಯ ಸಲ ಕೂತದ್ದು ಆ ಧನುರ್ಮಾಸದಲ್ಲೇ. ಸಂಕ್ರಾಂತಿ ಕಳೆದ ಮೇಲೆ ಮಾಲೀಕರು ಛತ್ರವನ್ನು ಗೋದಾಮಿಗೆ ಬಾಡಿಗೆಗೆ ಕೊಟ್ಟರು. ಅಷ್ಟರಲ್ಲಿ ಜಯಮ್ಮ ಇಟಲಿಯಿಂದ ಬಂದಿದ್ದರು; ಗಂಡ ಹೆಂಡತಿ ಇಬ್ಬರೂ ಸಾಸಲು ಎಂಬ ಹಳ್ಳಿಯ ತಮ್ಮ ಹಳೆಯ ಮನೆಗೆ ಹೋದರು. ನಾನು ಹೋಗಿ ನೋಡಬೇಕಿತ್ತು. ಈಗ ಫ್ಲೆಕ್ಸ್ ಇದ್ದ ಗೋಡೆಗೆ ರಟ್ಟಿನ ಪೆಟ್ಟಿಗೆಗಳು ಒರಗಿವೆ.

ಧನುರ್ಮಾಸದ ಆ ಸಂಜೆ, ಜಯಮ್ಮ ಇನ್ನೂ ಇಟಲಿಯಲ್ಲಿದ್ದಾಗ, ಐದು ಗಂಟೆ. ಖಾಲಿ ಊಟದ ಹಾಲಿನಲ್ಲಿ ಟೇಬಲ್ಲುಗಳ ಮೇಲೆ ಕುರ್ಚಿಗಳನ್ನು ಬೋರಲು ಹಾಕಿದ್ದರು. ಒಂದನ್ನು ಇಳಿಸಿಕೊಂಡು ಗಂಗರಾಜು ಕೂತಿದ್ದರು. ನನಗೂ ಒಂದನ್ನು ಇಳಿಸಿದರು. "ಅಲ್ಲೀಗ ಮಧ್ಯಾಹ್ನ ಹನ್ನೆರಡೂವರೆ" ಎಂದು, ಫೋನನ್ನು ಟೇಬಲ್ಲಿನ ಮೇಲಿಟ್ಟು ಜಯಮ್ಮನಿಗೆ ಕರೆ ಮಾಡಿದರು. ಬಲಗೈ ಅಭ್ಯಾಸದಂತೆ ತೊಡೆಯ ಮೇಲೆ ಹೋಯಿತು. ಒಂದು. ಎರಡು. ಐದು ಬೆರಳೂ ಮಡಿಸಿಯಾಯಿತು, ಎತ್ತಲಿಲ್ಲ. ಎಡಗೈ ಶುರು ಮಾಡಿದರು. ಏಳನೆಯದಕ್ಕೆ ಜಯಮ್ಮನ ದನಿ ಬಂತು. ಹಿಂದೆ ತಟ್ಟೆಗಳ ಸದ್ದು, ಯಾರೋ ಹೆಂಗಸಿನ ಜೋರು ನಗು. ಜಯಮ್ಮನ ಬಾಯಿ ತುಂಬಿತ್ತು.

"ಊಟಕ್ಕೆ ಕೂತಿದ್ದೀವಿ ರೀ. ಇನ್ನೂ ಬಡಿಸ್ತಾನೇ ಇದ್ದಾರೆ. ಆಮೇಲೆ ಮಾಡಿ."

ಕರೆ ನಿಂತಿತು. ಗಂಗರಾಜು ಮಡಿಸಿದ ಏಳು ಬೆರಳುಗಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಒಳ್ಳೇ ಜಾಗ ಮೇಷ್ಟ್ರೇ" ಎಂದರು. "ನಾನೇ ಅಲ್ವಾ ಮೊದಲು ಫೋನ್ ಮಾಡಿದ್ದು?"

ಒಳಗೆ, ಆ ದೊಡ್ಡ ಅಡುಗೆಮನೆಯ ಯಾವುದೋ ಮೂಲೆಯಲ್ಲಿ, ಇಟಲಿಗೆಂದು ಕೊಂಡಿದ್ದ ಕುಕ್ಕರ್ ಕೂಗಿತು. ಅವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಅದು ಎಷ್ಟನೆಯ ಕೂಗೆಂದು ನಾವಿಬ್ಬರೂ ಎಣಿಸಿರಲಿಲ್ಲ.