ಹತ್ತು ಹೆಜ್ಜೆ ದೂರದ ಮುಖ

ಬೆಳಗಿನ ಜಾವ ಐದು ಗಂಟೆ. ಮೆಟ್ಟಿಲ ಓಣಿ ಇನ್ನೂ ಕಣ್ಣು ಬಿಟ್ಟಿಲ್ಲ. ಹತ್ತೊಂಬತ್ತು ಮೆಟ್ಟಿಲುಗಳ ಮೇಲೆ ಮಂಜು ತೆಳ್ಳಗೆ ಹಾಸಿಕೊಂಡಿದೆ. ಕೆಳಗಿನ ಮೆಟ್ಟಿಲ ಬಳಿ ಖಾಕಿ ಅಂಗಿಯವರೊಬ್ಬರು ನಿಂತಿದ್ದಾರೆ. ಹತ್ತು ಹೆಜ್ಜೆ ಮೇಲೆ, ಶಾಲು ಹೊದ್ದು, ಅವರ ಹೆಂಡತಿ.

"ಈಗ ಹೇಗಿದೀನಿ ಹೇಳಿ."

"ಮುಖ ಊದಿಸ್ಕೊಂಡಿದೀಯ."

"ಸರಿ. ಈಗ?"

"ನಗ್ತಾ ಇದೀಯ."

"ಎಲ್ಲಿಂದ ಬಂತು ನಗು? ನಾಲಿಗೆ ಚಾಚಿದೀನಿ!"

ಅವರು ಏಣಿ ಹತ್ತಿ, ಗೋಡೆಯ ದೀಪದ ತಿರುಪು ಸಡಿಲಿಸಿ, ಅದರ ತಲೆಯನ್ನು ಅರ್ಧ ಬೆರಳಿನಷ್ಟು ಬಗ್ಗಿಸುತ್ತಾರೆ. ಇಳಿದು ಬಂದು ಮತ್ತೆ ನೋಡುತ್ತಾರೆ. "ಹ್ಞಾಂ, ಕಂಡಿತು. ಇನ್ನು ಒಳಗೆ ಹಾಕ್ಕೋ ಮಾರಾಯ್ತಿ, ಇಂಜಿನಿಯರಮ್ಮ ಬರೋ ಹೊತ್ತಾಯ್ತು."

ಸುತ್ತಲಿನ ಜನಕ್ಕೆ ಇವರು ದೀಪದಣ್ಣ. ಇಪ್ಪತ್ತೆಂಟು ವರ್ಷಗಳಿಂದ ನಗರದ ಬೀದಿದೀಪಗಳನ್ನು ನೋಡಿಕೊಳ್ಳುತ್ತಿದ್ದಾರೆ. ಇವರ ಪಾಲಿಗೆ ಆರುನೂರ ನಲವತ್ತು ಕಂಬಗಳು. ಮೊದಲು ಒಂದೊಂದರಲ್ಲೂ ನೂರೈವತ್ತು ವಾಟ್‌ನ ದೀಪವಿತ್ತು. ಅದರ ಬೆಳಕು ಬೀದಿಗಿಂತ ಹೆಚ್ಚಾಗಿ ಮರದ ನೆತ್ತಿಗೂ ಮಹಡಿಯ ಕಿಟಕಿಗೂ ಆಕಾಶಕ್ಕೂ ಹೋಗುತ್ತಿತ್ತು. "ಕಾಗೆಗಳಿಗೆ ನಿದ್ದೆ ಇರ್ಲಿಲ್ಲ. ಅಷ್ಟೇ ಆಗಿದ್ದ ಉಪಯೋಗ" ಎನ್ನುತ್ತಾರೆ. ಎರಡು ವರ್ಷಗಳಲ್ಲಿ ಎಲ್ಲವನ್ನೂ ಇಳಿಸಿ, ನಲವತ್ತೈದು ವಾಟ್‌ನ ದೀಪಗಳನ್ನು ನೆಲದ ಕಡೆ ಬಗ್ಗಿಸಿ ಹಾಕಿದ್ದಾರೆ. ಉರಿಯುವ ವಿದ್ಯುತ್ತು ಮೊದಲಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಇವರ ಮಂಡಿಗಳು ಸವೆದಿವೆ. "ಮಿಣುಕುಹುಳ ತಂದು ನೇತುಹಾಕಿದಾನೆ" ಎಂದು ಬೈದವರಿಗೂ ಲೆಕ್ಕವಿಲ್ಲ.

ಬೈಗುಳಕ್ಕೆ ಅವರು ಕುಗ್ಗಿದವರಲ್ಲ. ಕುಗ್ಗಿಸಿದ್ದು ಈ ಓಣಿ. ಮೂರು ತಿಂಗಳ ಹಿಂದೆ, ಹಾಲು ತರಲು ನಸುಕಿನಲ್ಲಿ ಇಳಿಯುತ್ತಿದ್ದ, ಮೇಲಿನ ಮನೆಯ ಹೊಲಿಗೆ ಅಜ್ಜಿ ಏಳನೆಯ ಮೆಟ್ಟಿಲಲ್ಲಿ ಕಾಲು ತಪ್ಪಿ ಬಿದ್ದರು. ಬಲಗೈ ಮುರಿಯಿತು.

"ತಪ್ಪು ನಂದೇ" ಎಂದು ದೀಪದಣ್ಣ ಸುತ್ತುಬಳಸದೆ ಹೇಳುತ್ತಾರೆ. "ಬೆಳಕು ಅಳೆಯೋ ಮೀಟರನ್ನ ಮೆಟ್ಟಿಲ ಮೇಲಿಟ್ಟು ನೋಡಿದ್ದೆ. ಸಾಕಷ್ಟು ತೋರಿಸ್ತು. ಆದ್ರೆ ಮೀಟರ್ ಮೆಟ್ಟಿಲಿಳಿಯಲ್ಲವಲ್ಲ! ದೀಪ ಮೇಲಿನ ಕಂಬದಲ್ಲಿ, ಅಜ್ಜಿ ಬೆನ್ನ ಹಿಂದೆ. ಅವರ ನೆರಳೇ ಮುಂದಿನ ಮೆಟ್ಟಿಲನ್ನ ನುಂಗಿಬಿಟ್ಟಿತ್ತು. ಹಳೇ ದೀಪ ಗೋಡೆಗೆಲ್ಲ ಬೆಳಕು ಚೆಲ್ತಿದ್ದರಿಂದ ನೆರಳು ಇಷ್ಟು ಗಟ್ಟಿ ಇರ್ಲಿಲ್ಲ. ನಾನೇ ಒಂದ್ಸಲ ಇಳಿದು ನೋಡ್ಬೇಕಿತ್ತು."

ಹಳೆಯ ದೊಡ್ಡ ದೀಪವೇ ಬೇಕೆಂದು ಓಣಿಯವರು ಅರ್ಜಿ ಬರೆದಿದ್ದಾರೆ. ಇಲ್ಲಿ ಅದು ಮರಳಿದರೆ ಉಳಿದ ಬೀದಿಗಳೂ ಕೇಳುತ್ತವೆ. ಎರಡು ವರ್ಷದ ದುಡಿಮೆ ನೀರುಪಾಲು. ನಗರಸಭೆಯ ಇಂಜಿನಿಯರಮ್ಮನ ತೀರ್ಮಾನ ಇವತ್ತೇ. ಅದಕ್ಕಾಗಿ ದೀಪದಣ್ಣ ಕಂಬದ ದೀಪ ತೆಗೆದು, ಎರಡು ಪಕ್ಕದ ಗೋಡೆಗಳಲ್ಲಿ ಹನ್ನೆರಡು ವಾಟ್‌ನ ಒಂದೊಂದು ದೀಪ ಕೂರಿಸಿದ್ದಾರೆ. ಒಂದು ವಾರದಿಂದ ಹೆಂಡತಿಯನ್ನು ಹತ್ತಿಸಿ ಇಳಿಸಿ ಪರೀಕ್ಷೆ ನಡೆದಿದೆ.

"ಮದುವೆಯಾಗಿ ಇಪ್ಪತ್ತಾರು ವರ್ಷ. ಇವರು ನನ್ನ ಮುಖವನ್ನ ಇಷ್ಟು ನೋಡಿದ್ದು ಇದೇ ಮೊದಲು" ಎಂದು ಆಕೆ ನಗುತ್ತಾರೆ.

ಐದೂವರೆಗೆ ಇಂಜಿನಿಯರಮ್ಮ ಬರುತ್ತಾರೆ, ಹಿಂದೆ ಓಣಿಯ ಏಳೆಂಟು ಮಂದಿ. ಅವರು ಮೆಟ್ಟಿಲ ಮೇಲಿಟ್ಟ ಮೀಟರ್ ಬೆಳಕು ಸಾಕೆನ್ನುತ್ತದೆ. ಅರ್ಜಿ ಹಿಡಿದ ಅಂಗಡಿಯವರು ತಲೆಯಾಡಿಸುತ್ತಾರೆ: "ಹೋದ ಸಲವೂ ಸಾಕು ಅಂದಿತ್ತಲ್ಲಮ್ಮ ನಿಮ್ಮ ಮೀಟರು."

ಅಷ್ಟರಲ್ಲಿ ಮೇಲೆ ಬಾಗಿಲು ತೆರೆದ ಸದ್ದು. ಕೈಗೆ ಪಟ್ಟಿ ಸುತ್ತಿಕೊಂಡ ಹೊಲಿಗೆ ಅಜ್ಜಿ ಗೋಡೆ ಹಿಡಿದು ಇಳಿಯತೊಡಗುತ್ತಾರೆ. ಎರಡೂ ಕಡೆಯ ಬೆಳಕು ಮಂಜಿನೊಳಗೆ ಬೆರೆತು, ಆಕೆ ನೆಲಕ್ಕೆ ತಾಗದೆ ತೇಲಿ ಬರುವಂತೆ ಕಾಣುತ್ತದೆ. ಕೆಳಗೆ ದೀಪದಣ್ಣ ಕೈಚಾಚಿಬಿಟ್ಟೇನೆಂಬ ಭಯಕ್ಕೋ ಏನೋ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಹಿಡಿದು ನಿಂತಿದ್ದಾರೆ.

ಏಳನೆಯ ಮೆಟ್ಟಿಲಲ್ಲಿ ಅಜ್ಜಿ ನಿಲ್ಲುತ್ತಾರೆ. ಪಾದ ನೋಡಿಕೊಳ್ಳುತ್ತಾರೆ. ಮುಂದಿನ ಮೆಟ್ಟಿಲನ್ನು ನೋಡುತ್ತಾರೆ. ಗೋಡೆಯಿಂದ ಕೈ ತೆಗೆದು, ಕೆಳಗೆ ನಿಂತವರತ್ತ ಕಣ್ಣೆತ್ತುತ್ತಾರೆ.

"ಏನಪ್ಪಾ, ಗಡ್ಡ ಬೋಳಿಸ್ಕೊಳ್ಳೋಕೂ ಪುರುಸೊತ್ತಿಲ್ವಾ ನಿಂಗೆ?"

ಓಣಿಯೆಲ್ಲ ನಕ್ಕುಬಿಡುತ್ತದೆ. ಅಂಗಡಿಯವರು ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸುತ್ತಾರೆ.

ಬೆಳಕು ಹರಿದು ದೀಪಗಳು ತಾವಾಗಿಯೇ ಆರುತ್ತವೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ದೀಪದಣ್ಣ ಗಲ್ಲ ಸವರಿಕೊಳ್ಳುತ್ತಾರೆ. "ದೊಡ್ಡದೇನಿಲ್ಲ. ಬಾಗಿಲಲ್ಲಿ ಕಾಯ್ತಾ ನಿಂತೋರಿಗೆ, ಬರ್ತಿರೋದು ತಮ್ಮೋರೇ ಅಂತ ಹತ್ತು ಹೆಜ್ಜೆ ಮುಂಚೆ ಗೊತ್ತಾಗ್ಬೇಕು. ಎಲ್ಲ ಬೀದೀಲೂ."

ಕಾಯುವುದಕ್ಕೆ ಯಾರಾದರೂ ಇರುವುದು, ಬರುವುದಕ್ಕೆ ಯಾರಾದರೂ ಇರುವುದು ಭಗವಂತ ಕೊಟ್ಟ ಭಾಗ್ಯ. ಅದು ಈ ದಂಪತಿಗೆ ಬಹುಕಾಲ ಇರಲಿ.

ಅವರು ಬಗ್ಗಿ ಏಣಿ ಮಡಚುತ್ತಿದ್ದಾರೆ. ಮೇಲಿನಿಂದ ಹೆಂಡತಿಯ ದನಿ: "ಈಗ ಹೇಗಿದೀನಿ ಹೇಳಿ."

"ನಗ್ತಾ ಇದೀಯ" ಎನ್ನುತ್ತಾರೆ ದೀಪದಣ್ಣ, ತಲೆಯೆತ್ತದೆ.